ಹಳೆ ಹಾಕಿ ಮ್ಯಾಚ್‌ಗಳ ಡಿವಿಡಿ: ಕತ್ತರಿಸಿ, ಜೋಡಿಸಿ, ಆದರೆ ಮತ್ತೆ ಎನ್‌ಕೋಡ್ ಮಾಡಬೇಡಿ

ಪ್ರಶ್ನೆ: ನಾವು ವಿರಾಜಪೇಟೆ ಹತ್ತಿರದವರು. 2007 ಮತ್ತು 2008ರಲ್ಲಿ ಕೊಡವ ಹಾಕಿ ಹಬ್ಬದಲ್ಲಿ ನಮ್ಮ ಒಕ್ಕದ (ಮನೆತನದ) ತಂಡ ಆಡಿದ ಮ್ಯಾಚ್‌ಗಳನ್ನು ದೊಡ್ಡಪ್ಪ ಡಿವಿಡಿ ಹ್ಯಾಂಡಿಕ್ಯಾಮ್‌ನಲ್ಲಿ ತೆಗೆದಿದ್ದರು. ಅಂಗೈಯಷ್ಟು ಚಿಕ್ಕ ಡಿಸ್ಕ್‌ಗಳು, ಒಟ್ಟು ಆರು. ಜೊತೆಗೆ 2010ರ ದೆಹಲಿ ಹಾಕಿ ವಿಶ್ವಕಪ್‌ನ ಭಾರತ–ಪಾಕಿಸ್ತಾನ ಮ್ಯಾಚನ್ನು ಟಿವಿಯಿಂದ ಡಿವಿಡಿ ರೆಕಾರ್ಡರ್‌ನಲ್ಲಿ ಇಳಿಸಿದ ಒಂದು ದೊಡ್ಡ ಡಿಸ್ಕ್ ಇದೆ. ಬ್ರೇಕ್, ಸುಮ್ನೆ ನಿಂತ ಹೊತ್ತು ಎಲ್ಲ ತೆಗೆದು, ಗೋಲುಗಳನ್ನು ಬೇರೆ ಸೇರಿಸಿ, ಮತ್ತೆ ಡಿವಿಡಿ ಮಾಡಿ ನೆಂಟರಿಗೆಲ್ಲ ಕೊಡಬೇಕು ಅಂತ ಆಸೆ. ಡಿಸ್ಕಿನಲ್ಲಿದ್ದ ವಿಒಬಿ (ವಿಡಿಯೋ) ಫೈಲ್‌ಗಳನ್ನು ಕಂಪ್ಯೂಟರ್‌ಗೆ ಹಾಕಿ, ಒಂದು ಫ್ರೀ ಎಡಿಟರ್‌ನಲ್ಲಿ ಕತ್ತರಿಸಿ, ಎಂಪಿ4 ಮಾಡಿ ಡಿಸ್ಕ್‌ಗೆ ಎಳೆದು ಬಿಟ್ಟೆ. ಮನೆಯ ಡಿವಿಡಿ ಪ್ಲೇಯರ್‌ನಲ್ಲಿ ಓಡಲೇ ಇಲ್ಲ. ಕಂಪ್ಯೂಟರ್‌ನಲ್ಲಿ ಓಡುತ್ತದೆ, ಆದರೆ ಆಟಗಾರರು ಓಡುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು. ಸದ್ದು ಬರುಬರುತ್ತಾ ಹಿಂದೆ ಬೀಳುತ್ತದೆ. ಒಂದು ಚಿಕ್ಕ ಡಿಸ್ಕ್ ಹಾಕಿದರೆ ‘ಖಾಲಿ ಇದೆ, ಫಾರ್ಮ್ಯಾಟ್ ಮಾಡಲೇ’ ಅಂತ ಕೇಳುತ್ತದೆ. ಎಲ್ಲಿ ತಪ್ಪಿತು?

ಉತ್ತರ: ಮೊದಲು ಆ ಫಾರ್ಮ್ಯಾಟ್ ಕೇಳುವ ಡಿಸ್ಕ್. ಯಾವ ಕಾರಣಕ್ಕೂ ‘ಹೌದು’ ಒತ್ತಬೇಡಿ. ಅದು ಖಾಲಿ ಡಿಸ್ಕ್ ಅಲ್ಲ, ಫೈನಲೈಸ್ ಆಗದ ಡಿಸ್ಕ್. ಮ್ಯಾಚ್ ಮುಗಿದ ಮೇಲೆ ಕ್ಯಾಮೆರಾದ ಮೆನುವಿನಲ್ಲಿ ‘ಫೈನಲೈಸ್’ ಒತ್ತಿದರೆ ಮಾತ್ರ ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಡಿಸ್ಕಿನ ಮೇಲೆ ಪೂರ್ತಿ ಬರೆಯಲ್ಪಡುತ್ತದೆ. ಅದನ್ನು ಒತ್ತದೆ ಡಿಸ್ಕ್ ತೆಗೆದಿಟ್ಟಿದ್ದರೆ ದೃಶ್ಯವೆಲ್ಲ ಒಳಗೇ ಇರುತ್ತದೆ, ಪಟ್ಟಿ ಮಾತ್ರ ಇರುವುದಿಲ್ಲ. ಪಟ್ಟಿ ಕಾಣದ ವಿಂಡೋಸ್ ಪಾಪ, ಡಿಸ್ಕ್ ಖಾಲಿ ಅಂದುಕೊಳ್ಳುತ್ತದೆ.

ದೊಡ್ಡಪ್ಪನವರ ಕ್ಯಾಮೆರಾ ಇನ್ನೂ ಇದ್ದರೆ ಅದನ್ನೇ ಹುಡುಕಿ ತೆಗೆಯಿರಿ. ಬ್ಯಾಟರಿ ಸತ್ತಿದ್ದರೂ ಪರವಾಗಿಲ್ಲ, ಹೇಗಿದ್ದರೂ ಈ ಕೆಲಸವನ್ನು ಅಡಾಪ್ಟರ್‌ನಲ್ಲೇ ಮಾಡಬೇಕು. ನಡುವೆ ಕರೆಂಟ್ ಹೋದರೆ ಡಿಸ್ಕ್ ಕೆಡಬಹುದು. ಮಳೆಗಾಲದ ಕೊಡಗಿನ ಕರೆಂಟ್ ಬಗ್ಗೆ ನಾನು ನಿಮಗೆ ಹೇಳಬೇಕಾಗಿಲ್ಲ. ಯುಪಿಎಸ್ ಇದ್ದರೆ ಅದಕ್ಕೆ ಸಿಗಿಸಿ. ಕ್ಯಾಮೆರಾವನ್ನು ಅಲುಗದ ಮೇಜಿನ ಮೇಲಿಟ್ಟು ಫೈನಲೈಸ್ ಒತ್ತಿ, ಮುಗಿಯುವವರೆಗೆ ಮುಟ್ಟಬೇಡಿ. ಕ್ಯಾಮೆರಾವೇ ಹಾಳಾಗಿದ್ದರೆ ಅದೇ ಕಂಪನಿಯ, ಹತ್ತಿರದ ಮಾಡೆಲ್ ಯಾರ ಮನೆಯಲ್ಲಾದರೂ ಇದೆಯಾ ಕೇಳಿ ನೋಡಿ, ಬಹಳ ಸಲ ಕೆಲಸವಾಗುತ್ತದೆ. ಅದೂ ಇಲ್ಲದಿದ್ದರೆ ‘ಐಸೋಬಸ್ಟರ್’ ಅನ್ನುವ ಪ್ರೋಗ್ರಾಂ ಇದೆ. ಅದು ಪಟ್ಟಿಯನ್ನು ನಂಬದೆ ಡಿಸ್ಕಿನ ಮೇಲೆ ನಿಜವಾಗಿ ಬರೆದದ್ದನ್ನೇ ಹುಡುಕಿ ತೆಗೆಯುತ್ತದೆ. ಆದರೆ ಫೈನಲೈಸ್ ಆಗದ ಡಿಸ್ಕನ್ನು ಎಲ್ಲ ಡ್ರೈವ್‌ಗಳೂ ಓದುವುದಿಲ್ಲ. ಒಂದರಲ್ಲಿ ಆಗದಿದ್ದರೆ ಇನ್ನೊಂದು ಡ್ರೈವ್‌ನಲ್ಲಿ ನೋಡಿ.

ಚಿಕ್ಕ ಡಿಸ್ಕ್ ಹಾಕುವ ಬಗ್ಗೆಯೂ ಒಂದು ಮಾತು. ಇವು 8 ಸೆಂಟಿಮೀಟರ್ ಡಿಸ್ಕ್‌ಗಳು. ಟ್ರೇ ಹೊರಬರುವ ಡ್ರೈವ್‌ನಲ್ಲಿ ನಡುವೆ ಇವಕ್ಕೆಂದೇ ಚಿಕ್ಕ ವೃತ್ತದ ತಗ್ಗು ಇರುತ್ತದೆ. ಲ್ಯಾಪ್‌ಟಾಪಿನ ತೆಳು ಡ್ರೈವ್ ಮತ್ತು ಯುಎಸ್‌ಬಿ ಡ್ರೈವ್‌ಗಳಲ್ಲಿ ನಡುವಿನ ಗುಬುಟಿಗೆ ಕ್ಲಿಕ್ ಅಂತ ಒತ್ತಿ ಕೂರಿಸಬೇಕು. ಬಾಯಿಯ ಹಾಗೆ ಸೀಳು ಮಾತ್ರ ಇದ್ದು ಡಿಸ್ಕನ್ನು ತಾನೇ ಒಳಗೆಳೆದುಕೊಳ್ಳುವ ಡ್ರೈವ್‌ಗೆ ಮಾತ್ರ ಹಾಕಲೇಬೇಡಿ, ಒಳಗೆ ಸಿಕ್ಕಿಕೊಳ್ಳುತ್ತದೆ.

ಈಗ ಕಾಪಿ. ನೀವು ಫೋಲ್ಡರ್ ತೆರೆದು ವಿಒಬಿ ಫೈಲ್‌ಗಳನ್ನಷ್ಟೇ ಎಳೆದುಕೊಂಡಿರಿ. ಹಾಗೆ ಮಾಡುವ ಬದಲು ಇಡೀ ಡಿಸ್ಕನ್ನು ಇದ್ದ ಹಾಗೇ ಒಂದು ಐಎಸ್‌ಒ ಫೈಲ್ ಆಗಿ ತೆಗೆದಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ‘ಇಮ್‌ಜ್‌ಬರ್ನ್’ ಸಾಕು, ಅದರಲ್ಲಿ ಡಿಸ್ಕಿನಿಂದ ಇಮೇಜ್ ಮಾಡುವ ಆಯ್ಕೆ ಇದೆ. ಲಿನಕ್ಸ್‌ನಲ್ಲಿ ‘ಕೆ3ಬಿ’ ಅಥವಾ ‘ಬ್ರಾಸೆರೋ’. ಡಿಸ್ಕ್ ಎಲ್ಲೋ ಗೀಚಿ ನಡುವೆ ನಿಂತುಹೋದರೆ ಲಿನಕ್ಸ್‌ನ ‘ಡಿಡಿರೆಸ್ಕ್ಯೂ’ ಬಳಸಿ. ಅದು ಮೊದಲು ಸರಿಯಾಗಿರುವ ಭಾಗವನ್ನೆಲ್ಲ ಸರಸರನೆ ಓದಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಮತ್ತೆ ಮತ್ತೆ ಬರುತ್ತದೆ. ಎಲ್ಲಿಯವರೆಗೆ ಓದಿತು ಅನ್ನುವುದನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಡಿಸ್ಕನ್ನು ತೆಗೆದು ಬೇರೆ ಡ್ರೈವ್‌ಗೆ ಹಾಕಿ, ಉಳಿದ ತೂತುಗಳನ್ನಷ್ಟೇ ತುಂಬಿಸಬಹುದು.

ಡಿವಿಡಿಯಲ್ಲಿ ತಪ್ಪು ತಿದ್ದುವ ಲೆಕ್ಕ 32 ಕೆಬಿಯ ಕಂತುಗಳಲ್ಲಿ ನಡೆಯುತ್ತದೆ. ಅಂದರೆ ತಿದ್ದಲಾಗದ ಒಂದು ಗೀರು ಕನಿಷ್ಠ 32 ಕೆಬಿ ತಿನ್ನುತ್ತದೆ. ಕಾಣುವಾಗ ಅದು ಹೆಚ್ಚೆಂದರೆ ಅರ್ಧ ಸೆಕೆಂಡಿನ ಚೌಕಚೌಕದ ಗಲೀಜು. ಅಷ್ಟಕ್ಕೆ ಇಡೀ ಮ್ಯಾಚ್ ಬಿಡಬೇಕಾಗಿಲ್ಲ ಅಲ್ವಾ? ಓದುವ ಮೊದಲು ಡಿಸ್ಕ್ ಒರೆಸುವುದಾದರೆ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಬೇಡಿ. ಟ್ರ್ಯಾಕ್ ಓಡುವ ದಿಕ್ಕಿನಲ್ಲಿ ಗೀರು ಬಿದ್ದರೆ ತಿದ್ದುವ ಲೆಕ್ಕಕ್ಕೂ ಕೈ ಮೀರುತ್ತದೆ. ಬೂಷ್ಟು ಹಿಡಿದಿದ್ದರೆ ಒಂದು ಹನಿ ಸೋಪಿನ ನೀರು, ಆಮೇಲೆ ಬರೀ ನೀರು, ನೆರಳಲ್ಲಿ ಒಣಗಿಸಿ.

ಆರೂ ಡಿಸ್ಕ್ ಸೇರಿ 8.4 ಜಿಬಿ ಮೀರುವುದಿಲ್ಲ, ಒಂದೊಂದರಲ್ಲಿ ಹಿಡಿಸುವುದೇ 1.4 ಜಿಬಿ. ಎರಡು ಬೇರೆ ಬೇರೆ ಕಡೆ ಇಟ್ಟುಬಿಡಿ. ಪೆನ್‌ಡ್ರೈವ್‌ಗೆ ಹಾಕುವಾಗ ಗಮನಿಸಿ: ಅದು ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಸುವುದಿಲ್ಲ. ಚಿಕ್ಕ ಡಿಸ್ಕ್‌ಗಳ ಐಎಸ್‌ಒ ಹೋಗುತ್ತದೆ, ವಿಶ್ವಕಪ್‌ನ ದೊಡ್ಡ ಡಿಸ್ಕಿನದು ಹೋಗದಿರಬಹುದು. ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ.

ಇನ್ನು ನಿಮ್ಮ ಎಂಪಿ4 ಯಾಕೆ ಕೆಟ್ಟಿತು ಅನ್ನುವುದು. ಇದೇ ಈ ಉತ್ತರದ ಮುಖ್ಯ ಭಾಗ.

ಹ್ಯಾಂಡಿಕ್ಯಾಮ್ ಬರೆದದ್ದು ಆಗಲೇ ಡಿವಿಡಿಗೆ ಬೇಕಾದ ರೂಪದಲ್ಲೇ ಇದೆ. ಎಂಪೆಗ್-2 ವಿಡಿಯೋ, 720×576 ಅಳತೆ, ಸೆಕೆಂಡಿಗೆ 25 ಫ್ರೇಮ್, ಎಸಿ-3 ಆಡಿಯೋ. ಆರು ಡಿಸ್ಕ್‌ಗಳನ್ನೂ ಎಚ್‌ಕ್ಯೂ ಮೋಡ್‌ನಲ್ಲಿ ತೆಗೆದಿದ್ದರೆ ಒಂದೊಂದರಲ್ಲಿ ಸುಮಾರು 20 ನಿಮಿಷ ಇರುತ್ತದೆ. ಎಸ್‌ಪಿ ಆದರೆ 30 ನಿಮಿಷ, ಎಲ್‌ಪಿ ಆದರೆ 60. ನಿಮ್ಮ ಎಡಿಟರ್ ಇದನ್ನು ಬಿಚ್ಚಿ, ಎಚ್.264 ಅನ್ನುವ ಬೇರೆ ರೂಪಕ್ಕೆ ಮತ್ತೆ ಕಟ್ಟಿತು. ಮತ್ತೆ ಎನ್‌ಕೋಡ್ ಮಾಡುವುದು ಅಂದರೆ ಇದೇ. ಜೊತೆಗೆ ಬಹುಶಃ ಸೆಕೆಂಡಿಗೆ 30 ಫ್ರೇಮ್ ಮಾಡಿತು, ಈ ಫ್ರೀ ಎಡಿಟರ್‌ಗಳಿಗೆ 30ರ ಮೇಲೆ ಅದೇನೋ ಪ್ರೀತಿ. 25ನ್ನು 30 ಮಾಡಲು ಅದಕ್ಕಿರುವ ದಾರಿ ಒಂದೇ: ಪ್ರತಿ ಐದು ಫ್ರೇಮ್‌ಗೆ ಒಂದನ್ನು ಎರಡು ಸಲ ತೋರಿಸುವುದು. ಸಂದರ್ಶನದ ವಿಡಿಯೋದಲ್ಲಿ ಅದು ಗೊತ್ತೇ ಆಗುವುದಿಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಓಡುವ ಹಾಕಿಯಲ್ಲಿ ಮಾತ್ರ ತಟಪಟ ತಟಪಟ ಅಂತ ಕುಂಟುತ್ತದೆ. ಅದನ್ನು ನೀವು ಮತ್ತೆ ಡಿವಿಡಿ ಮಾಡಿದರೆ ಎಂಪೆಗ್-2ಗೆ ಇನ್ನೊಂದು ಸಲ ಕಟ್ಟಬೇಕು. ಎರಡು ಸಲ ಬಿಚ್ಚಿ ಕಟ್ಟುವ ಹೊತ್ತಿಗೆ ಮೈದಾನದ ಹುಲ್ಲು ಹಸಿರು ಬಣ್ಣ ಬಳಿದ ಹಾಗಾಗಿರುತ್ತದೆ, ಚೆಂಡು ಆಗಾಗ ಮಾಯವಾಗುತ್ತದೆ.

ಬಾಚಣಿಗೆ ಗೆರೆ ಕ್ಯಾಮೆರಾದ ದೋಷವಲ್ಲ. ಆ ಕಾಲದ ಕ್ಯಾಮೆರಾಗಳು ಒಂದು ಫ್ರೇಮನ್ನು ಎರಡು ಸಲದಲ್ಲಿ ತೆಗೆಯುತ್ತವೆ. ಮೊದಲು ಒಂದು ಬಿಟ್ಟು ಒಂದು ಗೆರೆ, ಸೆಕೆಂಡಿನ 50ರಲ್ಲಿ ಒಂದು ಭಾಗ ಕಳೆದ ಮೇಲೆ ಉಳಿದ ಗೆರೆಗಳು. ಇವನ್ನು ಫೀಲ್ಡ್ ಅನ್ನುತ್ತಾರೆ. ಅಂದರೆ 25 ಫ್ರೇಮ್ ಅಂತ ಬರೆದಿದ್ದರೂ ಚಲನೆ ಸೆಕೆಂಡಿಗೆ 50 ಸಲ ದಾಖಲಾಗಿದೆ. ಗಂಟೆಗೆ 100 ಕಿಲೋಮೀಟರ್ ವೇಗದ ಡ್ರ್ಯಾಗ್ ಫ್ಲಿಕ್ ಇದೆ ಅಂತಿಟ್ಟುಕೊಳ್ಳಿ. ಒಂದು ಫೀಲ್ಡ್‌ನಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಚೆಂಡು ಅರ್ಧ ಮೀಟರ್‌ಗಿಂತ ಜಾಸ್ತಿ ದೂರ ಹೋಗಿರುತ್ತದೆ. ಹಳೆ ಟಿವಿ ಎರಡನ್ನೂ ಒಂದಾದ ಮೇಲೊಂದು ತೋರಿಸುತ್ತಿತ್ತು, ಹಾಗಾಗಿ ನುಣ್ಣಗೆ ಕಾಣುತ್ತಿತ್ತು. ಕಂಪ್ಯೂಟರ್ ಎರಡನ್ನೂ ಹೆಣೆದು ಒಂದೇ ಚಿತ್ರ ಮಾಡಿ ತೋರಿಸಿದಾಗ ಆ ಅರ್ಧ ಮೀಟರ್ ಅಂತರವೇ ಬಾಚಣಿಗೆ ಹಲ್ಲಾಗಿ ಕಾಣುತ್ತದೆ. ಡಿವಿಡಿಗೆ ವಾಪಸ್ ಹೋಗುವ ವಿಡಿಯೋದಲ್ಲಿ ಇದನ್ನು ಸರಿಮಾಡಲು ಹೋಗಲೇಬಾರದು. ಡಿವಿಡಿ ಪ್ಲೇಯರ್ ಮತ್ತು ಟಿವಿ ಸೇರಿ ಅದನ್ನು ನೋಡಿಕೊಳ್ಳುತ್ತವೆ. ‘ಡಿಇಂಟರ್‌ಲೇಸ್’ ಅನ್ನುವ ಬಟನ್ ಒತ್ತಿದರೆ ಬಹಳಷ್ಟು ಪ್ರೋಗ್ರಾಂಗಳು ಅರ್ಧ ಫೀಲ್ಡ್‌ಗಳನ್ನು ಬಿಸಾಕಿಬಿಡುತ್ತವೆ. ಕ್ರೀಡೆಯ ವಿಡಿಯೋದಲ್ಲಿ ಅದು ಅರ್ಧ ಆಟ ಬಿಸಾಕಿದ ಹಾಗೆ.

ಸದ್ದು ಹಿಂದೆ ಬೀಳುವುದಕ್ಕೆ ಕಾರಣ ಬೇರೆ. ದೊಡ್ಡಪ್ಪ ಆಟ ನಿಂತಾಗ ರೆಕಾರ್ಡಿಂಗ್ ನಿಲ್ಲಿಸಿ, ಶುರುವಾದಾಗ ಮತ್ತೆ ಒತ್ತಿರುತ್ತಾರೆ. ಹೀಗೆ ಹೊಸದಾಗಿ ಶುರುವಾದ ಕಡೆ ಡಿಸ್ಕಿನೊಳಗಿನ ಗಡಿಯಾರ ಮತ್ತೆ ಮೊದಲಿನಿಂದ ಎಣಿಸುವುದುಂಟು. ಆ ಜಿಗಿತಗಳ ಲೆಕ್ಕ ಐಎಫ್‌ಒ ಅನ್ನುವ ಚಿಕ್ಕ ಫೈಲ್‌ಗಳಲ್ಲಿದೆ. ನೀವು ವಿಒಬಿ ಮಾತ್ರ ಎತ್ತಿಕೊಂಡು ಬಂದಿರಿ, ಲೆಕ್ಕ ಡಿಸ್ಕಿನಲ್ಲೇ ಉಳಿಯಿತು. ಪ್ರತಿ ಜಿಗಿತದಲ್ಲೂ ಎಡಿಟರ್ ಚೂರು ಚೂರು ಎಡವಿ, ಕೊನೆಗೆ ಗೋಲಾಗಿ ಎಲ್ಲರೂ ಕುಣಿದಾದ ಮೇಲೆ ಕೂಗು ಕೇಳಿಸುತ್ತದೆ. ಇನ್ನೊಂದು ವಿಷಯ. ‘ವಿಟಿಎಸ್_01_0’ ಅಂತ ಸೊನ್ನೆಯಲ್ಲಿ ಮುಗಿಯುವ ವಿಒಬಿ ಮೆನುವಿನದು, ಮ್ಯಾಚಿನದಲ್ಲ. 1, 2, 3 ಅಂತ ಇರುವವು ಬೇರೆ ಬೇರೆ ವಿಡಿಯೋಗಳೂ ಅಲ್ಲ. ಒಂದೇ ಉದ್ದ ವಿಡಿಯೋವನ್ನು 1 ಜಿಬಿ ಮೀರದ ಹಾಗೆ ತುಂಡು ಮಾಡಿಟ್ಟದ್ದು. ಅವನ್ನು ಬಿಡಿಬಿಡಿಯಾಗಿ ಎಡಿಟರ್‌ಗೆ ಹಾಕಿದರೆ ಕೂಡುವ ಜಾಗದಲ್ಲಿ ಒಂದು ಎಗರು ಖಂಡಿತ.

ಹಾಗಾದರೆ ಸರಿಯಾದ ದಾರಿ ಯಾವುದು? ನಾನು ಹೇಳುವುದು ಮೂರು ಪ್ರೋಗ್ರಾಂಗಳ ದಾರಿ, ಮೂರಕ್ಕೂ ದುಡ್ಡು ಕೊಡಬೇಕಾಗಿಲ್ಲ. ‘ಮೇಕ್‌ಎಂಕೆವಿ’, ‘ಅವಿಡೆಮಕ್ಸ್’, ‘ಡಿವಿಡಿಸ್ಟೈಲರ್’. ಇವನ್ನು ಅವುಗಳದ್ದೇ ತಾಣದಿಂದ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಡೌನ್‌ಲೋಡ್ ಅಂಗಡಿಗಳು ಜೊತೆಗೆ ಬೇಡದ್ದನ್ನೂ ಕಟ್ಟಿಕೊಡುತ್ತವೆ. ಎಲ್ಲಿಂದ ತಂದರೂ ಇನ್‌ಸ್ಟಾಲ್ ಮಾಡುವಾಗ ಕಣ್ಣುಮುಚ್ಚಿ ನೆಕ್ಸ್ಟ್ ನೆಕ್ಸ್ಟ್ ಒತ್ತಬೇಡಿ.

ಮೇಕ್‌ಎಂಕೆವಿಗೆ ಐಎಸ್‌ಒ ಫೈಲ್ ಕೊಡಿ. ಅದು ಐಎಫ್‌ಒ ಓದಿ, ಗಡಿಯಾರ ಸರಿಮಾಡಿ, ಒಂದೊಂದು ಟೈಟಲ್‌ಗೂ (ಡಿಸ್ಕಿನಲ್ಲಿ ಬೇರೆಯಾಗಿ ಓಡುವ ಒಂದೊಂದು ವಿಡಿಯೋಗೂ) ಒಂದು ಎಂಕೆವಿ ಫೈಲ್ ಮಾಡಿಕೊಡುತ್ತದೆ. ಚಿತ್ರ, ಸದ್ದು ಎರಡೂ ಇದ್ದ ಹಾಗೇ ಬರುತ್ತವೆ, ಒಂದು ಚುಕ್ಕಿಯೂ ಬದಲಾಗುವುದಿಲ್ಲ. ಇಲ್ಲೊಂದು ಬಲೆ ಇದೆ. 120 ಸೆಕೆಂಡಿಗಿಂತ ಚಿಕ್ಕ ಟೈಟಲ್‌ಗಳನ್ನು ಅದು ತಾನಾಗಿ ಬಿಟ್ಟುಬಿಡುತ್ತದೆ. ಸಿನಿಮಾ ಡಿಸ್ಕಿಗೆ ಅದು ಸರಿ. ಹ್ಯಾಂಡಿಕ್ಯಾಮ್ ಡಿಸ್ಕ್‌ನಲ್ಲಿ 40 ಸೆಕೆಂಡಿನ ಒಂದು ಪೆನಾಲ್ಟಿ ಸ್ಟ್ರೋಕ್ ಬೇರೆ ಟೈಟಲ್ ಆಗಿ ಕೂತಿರಬಹುದು. ಪ್ರಿಫರೆನ್ಸ್‌ನಲ್ಲಿ ಆ 120ನ್ನು 0 ಮಾಡಿ, ಆಮೇಲೆ ತೆರೆಯಿರಿ.

ಕತ್ತರಿಸುವುದು ಅವಿಡೆಮಕ್ಸ್‌ನಲ್ಲಿ. ಎಡಗಡೆ ವಿಡಿಯೋ ಔಟ್‌ಪುಟ್ ‘ಕಾಪಿ’, ಆಡಿಯೋ ಔಟ್‌ಪುಟ್ ‘ಕಾಪಿ’ ಅಂತಿರಲಿ. ಔಟ್‌ಪುಟ್ ಫಾರ್ಮ್ಯಾಟ್ ಎಂಪೆಗ್-ಪಿಎಸ್, ಅದರ ಕಾನ್ಫಿಗರ್‌ನಲ್ಲಿ ಡಿವಿಡಿ. ಈ ‘ಕಾಪಿ’ ಇರುವವರೆಗೆ ಪ್ರೋಗ್ರಾಂ ಏನನ್ನೂ ಬಿಚ್ಚಿ ಕಟ್ಟುವುದಿಲ್ಲ, ಬೇಡದ್ದನ್ನು ತೆಗೆದು ಉಳಿದದ್ದನ್ನು ಸೇರಿಸುತ್ತದೆ ಅಷ್ಟೆ. 20 ನಿಮಿಷದ ವಿಡಿಯೋ ಒಂದೆರಡು ನಿಮಿಷದೊಳಗೆ ಸೇವ್ ಆಗುತ್ತದೆ. ಗಂಟೆಗಟ್ಟಲೆ ಹಿಡಿಯಿತು ಅಂದರೆ ಎಲ್ಲೋ ‘ಕಾಪಿ’ ತಪ್ಪಿದೆ ಅಂತ ತಿಳಿದುಕೊಳ್ಳಿ.

ಆದರೆ ಕತ್ತರಿ ಎಲ್ಲಿ ಬೇಕಾದರೂ ಬೀಳುವುದಿಲ್ಲ. ಎಂಪೆಗ್-2ರಲ್ಲಿ ಎಲ್ಲ ಫ್ರೇಮೂ ಪೂರ್ತಿ ಚಿತ್ರವಲ್ಲ. ಕಿರಾಣಿ ಅಂಗಡಿಯ ಸಾಲದ ಪುಸ್ತಕ ನೋಡಿ: ತಿಂಗಳ ಮೊದಲ ಸಾಲಿನಲ್ಲಿ ಒಟ್ಟು ಬಾಕಿ ಇರುತ್ತದೆ, ಕೆಳಗೆಲ್ಲ ಬರೀ ಕೂಡಿದ್ದು ಕಳೆದದ್ದು. ಆ ಮೊದಲ ಸಾಲು ಇಲ್ಲದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ. ಇಲ್ಲಿ ಆ ಮೊದಲ ಸಾಲು ಐ-ಫ್ರೇಮ್. ನಮ್ಮ ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ಡಿವಿಡಿಗಳಲ್ಲಿ ಹೆಚ್ಚೆಂದರೆ 15 ಫ್ರೇಮ್‌ಗೆ ಒಂದು ಬರುತ್ತದೆ, ಅಂದರೆ ಅರ್ಧ ಸೆಕೆಂಡು ಚಿಲ್ಲರೆ. ಉಳಿಸಿಕೊಳ್ಳುವ ಯಾವ ತುಂಡೂ ಐ-ಫ್ರೇಮ್‌ನಿಂದಲೇ ಶುರುವಾಗಬೇಕು.

ಕೀಬೋರ್ಡ್‌ನಲ್ಲಿ ಎಡ–ಬಲ ಬಾಣದ ಕೀ ಒಂದೊಂದೇ ಫ್ರೇಮ್ ನಡೆಸುತ್ತವೆ, ಮೇಲೆ–ಕೆಳಗೆ ಬಾಣ ಐ-ಫ್ರೇಮ್‌ನಿಂದ ಐ-ಫ್ರೇಮ್‌ಗೆ ಜಿಗಿಸುತ್ತವೆ. ಈಗ ಯಾವ ತರದ ಫ್ರೇಮ್‌ನಲ್ಲಿದ್ದೀರಿ ಅನ್ನುವುದು ಕೆಳಗಡೆ ಬರೆದಿರುತ್ತದೆ. ಬ್ರೇಕ್ ಶುರುವಾಗುವ ಕಡೆ ‘ಎ’ ಗುರುತು, ಮುಗಿಯುವ ಕಡೆ ‘ಬಿ’ ಗುರುತು, ಆಮೇಲೆ ಡಿಲೀಟ್. ಎರಡನ್ನೂ ಮೇಲೆ–ಕೆಳಗಿನ ಬಾಣದಲ್ಲೇ ಹುಡುಕಿದರೆ ತಲೆನೋವೇ ಇಲ್ಲ. ‘ಬಿ’ ಅಂತೂ ಐ-ಫ್ರೇಮ್ ಮೇಲೆ ಇರಲೇಬೇಕು, ಮುಂದಿನ ತುಂಡು ಅಲ್ಲಿಂದಲೇ ತಾನೆ ಶುರು. ಅರ್ಧ ಸೆಕೆಂಡು ಆಚೀಚೆ ಆಗುತ್ತಲ್ಲ ಅಂತ ಬೇಜಾರು ಮಾಡಬೇಡಿ. ಸಿನಿಮಾದಲ್ಲಿ ಅದು ಕಿರಿಕಿರಿ, ಮ್ಯಾಚಿನಲ್ಲಿ ಲೆಕ್ಕಕ್ಕೇ ಇಲ್ಲ.

ಎಲ್ಲಿ ಕತ್ತರಿಸಬೇಕು ಅನ್ನುವುದಕ್ಕೆ ನನ್ನದೊಂದು ಸಲಹೆ. ಹೊಸದಾಗಿ ಎಡಿಟ್ ಮಾಡುವವರು ಜಾಸ್ತಿ ಕತ್ತರಿಸುತ್ತಾರೆ. ಪೆನಾಲ್ಟಿ ಕಾರ್ನರ್ ಆದರೆ ಚೆಂಡನ್ನು ಒಳಗೆ ತಳ್ಳುವ ಕ್ಷಣದಿಂದ ಇಟ್ಟುಕೊಳ್ಳುತ್ತಾರೆ. ಅದಕ್ಕಿಂತ ಮುಂಚಿನ ಹತ್ತು ಸೆಕೆಂಡು ನೋಡಿ: ಗೋಲಿನೊಳಗೆ ಐದು ಜನ ಸಾಲಾಗಿ ನಿಲ್ಲುವುದು, ಹೊಡೆಯುವವನು ಹಿಂದೆ ಹೋಗಿ ಹೆಜ್ಜೆ ಅಳೆಯುವುದು, ಯಾರೋ ಕೈ ಎತ್ತಿ ಏನೋ ಹೇಳುವುದು. ಒಕ್ಕದವರಿಗೆ ಯಾರು ಎಲ್ಲಿ ನಿಂತಿದ್ದರು ಅಂತ ಗುರುತು ಸಿಗುವುದು ಅಲ್ಲೇ. ಗೋಲಾದ ಮೇಲೂ ಅಷ್ಟೇ, ಕ್ಯಾಮೆರಾ ಜನರ ಕಡೆ ತಿರುಗಿದ್ದರೆ ಅದನ್ನು ಉಳಿಸಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಈ ಹಬ್ಬ ಶುರುಮಾಡಿದ್ದೇ ಮನೆಮನೆಯವರನ್ನು ಒಂದು ಕಡೆ ಸೇರಿಸುವುದಕ್ಕೆ. ಸ್ಟ್ಯಾಂಡಿನಲ್ಲಿ ಕೂತವರ ಮುಖಕ್ಕೆ ಆಟಕ್ಕಿರುವಷ್ಟೇ ಬೆಲೆ ಇದೆ. ಹಾಗೆಯೇ ಮೈದಾನದ ಸದ್ದು ತೆಗೆದು ಸಿನಿಮಾ ಹಾಡು ಹಾಕಬೇಡಿ, ದಯವಿಟ್ಟು. ವಾಲಗದ ಸದ್ದು, ಹಿಂದಿನಿಂದ ದೊಡ್ಡಪ್ಪ ‘ಹೊಡಿ, ಹೊಡಿ’ ಅಂತ ಕೂಗಿದ್ದು, ಅವೆಲ್ಲ ಮತ್ತೆ ಎಲ್ಲಿ ಸಿಗುತ್ತವೆ?

ಗೋಲುಗಳ ಸಂಗ್ರಹ ಬೇಕಾದರೆ ಅದೇ ಎಂಕೆವಿಗಳಿಂದ ಇನ್ನೊಮ್ಮೆ ಕತ್ತರಿಸಿ, ಬೇರೆ ಫೈಲ್ ಮಾಡಿ. ನಿಧಾನಗತಿಯಲ್ಲಿ ತೋರಿಸುವ ಆಸೆ ಇದ್ದರೆ ಆ ತುಣುಕನ್ನು ಮಾತ್ರ ಮತ್ತೆ ಎನ್‌ಕೋಡ್ ಮಾಡಬೇಕಾಗುತ್ತದೆ. ಇಲ್ಲಿ ಆ 50 ಫೀಲ್ಡ್‌ಗಳು ನಿಮ್ಮ ಕೈಹಿಡಿಯುತ್ತವೆ. ಅವಿಡೆಮಕ್ಸ್‌ನಲ್ಲಿ ‘ಯಾಡಿಫ್’ ಅನ್ನುವ ಡಿಇಂಟರ್‌ಲೇಸ್ ಫಿಲ್ಟರ್ ಹಾಕಿ, ಅದರಲ್ಲಿ ಬಾಬ್ ಮೋಡ್ ಆರಿಸಿ. ಪ್ರತಿ ಫೀಲ್ಡೂ ಒಂದು ಪೂರ್ತಿ ಫ್ರೇಮ್ ಆಗಿ, ಸೆಕೆಂಡಿಗೆ 50 ಫ್ರೇಮ್ ಸಿಗುತ್ತದೆ. ಅದರ ಮೇಲೆ ‘ಚೇಂಜ್ ಎಫ್‌ಪಿಎಸ್’ ಫಿಲ್ಟರ್ ಹಾಕಿ 50ನ್ನು 25 ಮಾಡಿ. ಆಟ ಸರಿಯಾಗಿ ಅರ್ಧ ವೇಗದಲ್ಲಿ, ಒಂದೂ ಸುಳ್ಳು ಫ್ರೇಮ್ ಇಲ್ಲದೆ, ನುಣ್ಣಗೆ ಓಡುತ್ತದೆ. ಇದನ್ನು ಎಂಪೆಗ್-2ಗೆ ಎನ್‌ಕೋಡ್ ಮಾಡಿ, ಬಿಟ್‌ರೇಟ್ (ಒಂದು ಸೆಕೆಂಡಿಗೆ ಬಳಸುವ ಡೇಟಾ) 8000 ಕಿಲೋಬಿಟ್‌ನ ಹತ್ತಿರ ಇಡಿ, ಡಿಸ್ಕಿನಲ್ಲಿ ಬೇರೆ ಟೈಟಲ್ ಆಗಿ ಹಾಕಿ. ಮಾಮೂಲಿ ಎಡಿಟರ್‌ನಲ್ಲಿ ‘50% ಸ್ಪೀಡ್’ ಅಂತ ಒತ್ತಿದರೆ ಇಷ್ಟು ಚೆನ್ನಾಗಿ ಬರುವುದಿಲ್ಲ, ಅದು ಇದ್ದ ಫ್ರೇಮನ್ನೇ ಎರಡೆರಡು ಸಲ ತೋರಿಸುತ್ತದೆ.

ಕತ್ತರಿಸಿದ ಫೈಲ್‌ಗಳನ್ನು ಡಿವಿಡಿ ಮಾಡುವುದು ಡಿವಿಡಿಸ್ಟೈಲರ್ ಕೆಲಸ. ಹೊಸ ಪ್ರಾಜೆಕ್ಟ್‌ನಲ್ಲಿ ಪಾಲ್ ಆರಿಸಿ, 4.7 ಜಿಬಿ ಡಿಸ್ಕ್ ಅಂತ ಹೇಳಿ, ಫೈಲ್‌ಗಳನ್ನು ಕೆಳಗಿನ ಪಟ್ಟಿಗೆ ಎಳೆಯಿರಿ. ಪ್ರತಿ ಟೈಟಲ್‌ನ ಪ್ರಾಪರ್ಟೀಸ್ ತೆರೆದು ವಿಡಿಯೋ ಫಾರ್ಮ್ಯಾಟ್, ಆಡಿಯೋ ಫಾರ್ಮ್ಯಾಟ್ ಎರಡೂ ‘ಕಾಪಿ’ ಆಗಿವೆಯಾ ನೋಡಿ. ಇದನ್ನು ನೋಡದೆ ಬಿಟ್ಟರೆ ಇಷ್ಟು ಹೊತ್ತು ಕಾಪಾಡಿಕೊಂಡು ಬಂದದ್ದು ಇಲ್ಲಿ ಮತ್ತೆ ಎನ್‌ಕೋಡ್ ಆಗಿಬಿಡಬಹುದು. ಚಾಪ್ಟರ್‌ಗಳನ್ನು ಗೋಲುಗಳ ಮುಂಚೆ ಇಡಿ, ರಿಮೋಟ್‌ನ ನೆಕ್ಸ್ಟ್ ಒತ್ತಿದರೆ ಮುಂದಿನ ಗೋಲಿಗೆ ಹೋಗಲಿ. ಒಂದು ವರ್ಷದ ಮ್ಯಾಚ್ 4:3, ಇನ್ನೊಂದು ವರ್ಷದ್ದು ವೈಡ್ 16:9 ಇದ್ದರೆ ಎರಡನ್ನೂ ಒಂದೇ ಟೈಟಲ್‌ಸೆಟ್‌ನಲ್ಲಿ (ಟೈಟಲ್‌ಗಳ ಗುಂಪಿನಲ್ಲಿ) ಕೂರಿಸಬೇಡಿ, ಬೇರೆ ಟೈಟಲ್‌ಸೆಟ್ ಮಾಡಿ. ಇಲ್ಲದಿದ್ದರೆ ಒಂದು ಕಡೆ ಎಲ್ಲರೂ ಸೊರಗಿಯೋ ಊದಿಯೋ ಕಾಣುತ್ತಾರೆ. ಯಾವುದು ಯಾವುದು ಅಂತ ತಿಳಿಯಲು ‘ಮೀಡಿಯಾಇನ್ಫೋ’ ಅನ್ನುವ ಚಿಕ್ಕ ಪ್ರೋಗ್ರಾಂ ಇದೆ, ಫೈಲ್ ಎಳೆದು ಹಾಕಿದರೆ ಸಾಕು.

ಜಾಗದ ಲೆಕ್ಕ. ಡಿಸ್ಕಿನ ಮೇಲೆ ಬರೆದ 4.7 ಜಿಬಿ ಕಂಪ್ಯೂಟರ್ ಲೆಕ್ಕದಲ್ಲಿ 4.37 ಜಿಬಿ. ಹೆದರಬೇಡಿ, ಹಾಗೆಯೇ ಅಳೆದರೆ ಚಿಕ್ಕ ಡಿಸ್ಕ್‌ಗಳ 1.4 ಕೂಡ 1.3 ಚಿಲ್ಲರೆ. ಏನೂ ಕತ್ತರಿಸದಿದ್ದರೂ ಮೂರು ಚಿಕ್ಕ ಡಿಸ್ಕ್ ಒಂದು ದೊಡ್ಡದರಲ್ಲಿ ಹಿಡಿಸುತ್ತವೆ. 2007ಕ್ಕೊಂದು, 2008ಕ್ಕೊಂದು ಅಂತ ಎರಡು ಡಿಸ್ಕ್ ಮಾಡಿ. ಬ್ರೇಕ್ ತೆಗೆದ ಜಾಗದಲ್ಲಿ ಗೋಲುಗಳ ಸಂಗ್ರಹ ಕೂರುತ್ತದೆ. ‘ಒಂದೇ ಡಿಸ್ಕಿಗೆ ಹಿಂಡಿ ಕೊಡ್ತೀವಿ’ ಅನ್ನುವವರು ಸಿಗುತ್ತಾರೆ. ಆರು ಎಚ್‌ಕ್ಯೂ ಡಿಸ್ಕ್ ಅಂದರೆ ಎರಡು ಗಂಟೆ. ಅದನ್ನು ಒಂದರಲ್ಲಿ ತುಂಬಿದರೆ ಸದ್ದು ಸೇರಿ ಸೆಕೆಂಡಿಗೆ 5.2 ಮೆಗಾಬಿಟ್ ಅಷ್ಟೇ ಸಿಗುತ್ತದೆ. ಮೂಲದಲ್ಲಿ 9ರ ಆಸುಪಾಸು ಇದೆ. ಮಾತಾಡುವ ತಲೆಗಳಿಗೆ 5 ಧಾರಾಳವಾಯಿತು. ಹುಲ್ಲು, ಜನ, ಓಡುವ ಕ್ಯಾಮೆರಾ ಮೂರೂ ಒಟ್ಟಿಗೆ ಇರುವ ಕಡೆ ಸಾಲದು.

ಈಗ ಬರ್ನ್. ಎಂಪಿ4 ಎಳೆದು ಹಾಕಿದ ಡಿಸ್ಕ್ ಮನೆಯ ಪ್ಲೇಯರ್‌ನಲ್ಲಿ ಓಡದೆ ಇದ್ದದ್ದು ಯಾಕೆ ಅಂತ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಅದು ಡೇಟಾ ಡಿಸ್ಕ್ ಆಯಿತು, ಡಿವಿಡಿ-ವಿಡಿಯೋ ಆಗಲಿಲ್ಲ. ಹಳೆ ಪ್ಲೇಯರ್‌ಗೆ ‘ವಿಡಿಯೋ_ಟಿಎಸ್’ ಫೋಲ್ಡರ್ ಬೇಕು, ಅದೂ ಸರಿಯಾದ ಕ್ರಮದಲ್ಲಿ. ಹಾಗಾಗಿ ಡಿವಿಡಿಸ್ಟೈಲರ್‌ನಲ್ಲಿ ಐಎಸ್‌ಒ ಮಾಡಿಸಿ. ಅದನ್ನು ವಿಎಲ್‌ಸಿಯಲ್ಲಿ ತೆರೆದು ಮೆನು, ಚಾಪ್ಟರ್ ಎಲ್ಲ ನೋಡಿ. ಸರಿ ಇದ್ದರೆ ಇಮ್‌ಜ್‌ಬರ್ನ್‌ನಲ್ಲಿ ಬರೆಯಿರಿ. 16ಎಕ್ಸ್ ಅಂತ ಬರೆದಿರುವ ಡಿಸ್ಕನ್ನು 8ಎಕ್ಸ್‌ನಲ್ಲಿ ಬರೆದರೆ ಹಳೆ ಪ್ಲೇಯರ್‌ಗಳು ಕಡಿಮೆ ತಕರಾರು ಮಾಡುತ್ತವೆ. ‘ವೆರಿಫೈ’ ಟಿಕ್ ತೆಗೆಯಬೇಡಿ, ಬರೆದದ್ದನ್ನು ಅದೇ ಓದಿ ತಾಳೆ ನೋಡುತ್ತದೆ. ಡಿಸ್ಕ್ ಕೊಳ್ಳುವಾಗ ಡಿವಿಡಿ ಮೈನಸ್ ಆರ್ ಸಿಕ್ಕರೆ ತುಂಬ ಹಳೆ ಪ್ಲೇಯರ್‌ಗೆ ಅದೇ ವಾಸಿ. ಪ್ಲಸ್ ಆರ್ ಮಾತ್ರ ಸಿಕ್ಕಿದರೆ ಇಮ್‌ಜ್‌ಬರ್ನ್‌ನಲ್ಲಿ ಬುಕ್‌ಟೈಪ್ (ಇದು ಯಾವ ಜಾತಿಯ ಡಿಸ್ಕ್ ಅಂತ ಹೇಳುವ ಗುರುತು) ಅನ್ನುವುದನ್ನು ‘ಡಿವಿಡಿ-ರಾಮ್’ ಮಾಡಿ ಬರೆಯಿರಿ, ಡ್ರೈವ್ ಒಪ್ಪಿದರೆ ಪ್ಲೇಯರ್ ಅದನ್ನು ಅಂಗಡಿಯ ಡಿಸ್ಕ್ ಅಂತಲೇ ತಿಳಿಯುತ್ತದೆ. ಯುಎಸ್‌ಬಿ ಡ್ರೈವ್ ನಡುವೆ ಬರೆಯುವುದು ನಿಲ್ಲಿಸುತ್ತಿದ್ದರೆ ಹಬ್ ತೆಗೆದು ನೇರ ಲ್ಯಾಪ್‌ಟಾಪಿಗೆ ಸಿಗಿಸಿ, ಬಹಳ ಸಲ ಕರೆಂಟ್ ಸಾಲದೆ ಹಾಗಾಗುತ್ತದೆ.

ಡಿಸ್ಕಿನ ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ. ಒಂದು ಮೂಲೆ ಎದ್ದರೂ ಡಿಸ್ಕ್ ನಡುಗಿ ಓದುವುದು ನಿಲ್ಲುತ್ತದೆ. ಸಿಡಿ ಮಾರ್ಕರ್‌ನಲ್ಲಿ ನಡುವಿನ ಪಾರದರ್ಶಕ ಬಳೆಯ ಮೇಲೆ ವರ್ಷ ಬರೆದರೆ ಸಾಕು.

ವಿಶ್ವಕಪ್ ಡಿಸ್ಕ್ ವಿಷಯ. ತೆರೆದಾಗ ‘ವಿಡಿಯೋ_ಟಿಎಸ್’ ಕಂಡರೆ ಮೇಲೆ ಹೇಳಿದ್ದೇ ದಾರಿ. ಅದರ ಬದಲು ‘ಡಿವಿಡಿ_ಆರ್‌ಟಿಎವಿ’ ಅನ್ನುವ ಫೋಲ್ಡರ್, ಒಳಗೆ ವಿಆರ್‌ಒ ಅಂತ ಮುಗಿಯುವ ಒಂದು ದೊಡ್ಡ ಫೈಲ್ ಇದ್ದರೆ ಅದು ವಿಆರ್ ಮೋಡ್, ಅಂದರೆ ರೆಕಾರ್ಡರ್ ಬೇರೆಯೇ ರೀತಿಯಲ್ಲಿ ಬರೆದ ಡಿಸ್ಕ್. ಮೇಕ್‌ಎಂಕೆವಿಗೆ ಅದು ಬೇಡ. ಫೈಲನ್ನು ಕಾಪಿ ಮಾಡಿ, ಹೆಸರಿನ ಕೊನೆಯನ್ನು ಎಂಪಿಜಿ ಅಂತ ಬದಲಿಸಿ, ನೇರ ಅವಿಡೆಮಕ್ಸ್‌ನಲ್ಲಿ ತೆರೆಯಿರಿ. ನಾಲ್ಕು ಗಂಟೆ, ಆರು ಗಂಟೆ ಮೋಡ್‌ನಲ್ಲಿ ಇಳಿಸಿದ್ದರೆ ಚಿತ್ರದ ಅಳತೆ 352×576 ಅಥವಾ 352×288 ಇರಬಹುದು. ಅವೂ ಡಿವಿಡಿಗೆ ಒಪ್ಪುವ ಅಳತೆಗಳೇ, ದೊಡ್ಡದು ಮಾಡಲು ಹೋಗಬೇಡಿ. ಆ 4–1 ಗೆಲುವನ್ನು ಮನೆಯಲ್ಲಿ ಎಷ್ಟು ಸಲ ಬೇಕಾದರೂ ನೋಡಿ. ಆದರೆ ನೆಂಟರಿಗೆ ಹಂಚುವ ಡಿಸ್ಕ್‌ಗಳಲ್ಲಿ ಅದನ್ನು ಸೇರಿಸಬೇಡಿ. 1957ರ ಕಾಪಿರೈಟ್ ಕಾಯ್ದೆಯ 39ನೇ ಕಲಂ ಸ್ವಂತಕ್ಕೆ ರೆಕಾರ್ಡ್ ಮಾಡಿಕೊಳ್ಳುವುದನ್ನು ಒಪ್ಪುತ್ತದೆ. ಹಂಚುವುದು, ಮಾರುವುದು ಬೇರೆ ಮಾತು. ಪ್ರಸಾರದ ಮೇಲಿನ ಹಕ್ಕು 25 ವರ್ಷ ಇರುತ್ತದೆ. ದೊಡ್ಡಪ್ಪ ತೆಗೆದದ್ದಕ್ಕೆ ಆ ತೊಂದರೆ ಇಲ್ಲ, ಅದು ಅವರದ್ದೇ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಡಿವಿಡಿ ಪ್ಲೇಯರ್ ಇಲ್ಲದ ನೆಂಟರು ಫೋನಿಗೆ ಕಳಿಸಿ ಅನ್ನುತ್ತಾರೆ. ನಿಧಾನಗತಿಯ ತುಣುಕು ಬಿಟ್ಟರೆ ಡಿಇಂಟರ್‌ಲೇಸ್ ಮಾಡಬೇಕಾದದ್ದು ಅಲ್ಲಿ ಮಾತ್ರ. ಕತ್ತರಿಸಿದ ಎಂಪೆಗ್ ಫೈಲನ್ನೇ ‘ಹ್ಯಾಂಡ್‌ಬ್ರೇಕ್’ಗೆ ಕೊಡಿ. ಫಿಲ್ಟರ್‌ನಲ್ಲಿ ಡಿಇಂಟರ್‌ಲೇಸ್, ಪ್ರೀಸೆಟ್ ಬಾಬ್. ಫ್ರೇಮ್‌ರೇಟ್ 50. ಕ್ವಾಲಿಟಿ ಆರ್‌ಎಫ್ 18ರಿಂದ 20ರ ನಡುವೆ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಅಂತ ಕಳಿಸಿದರೆ ಅದು ಮತ್ತೆ ಹಿಂಡಿಬಿಡುತ್ತದೆ, ‘ಡಾಕ್ಯುಮೆಂಟ್’ ಅಂತ ಕಳಿಸಿ.